ಎಗ್ಮೋರಿನ ಕನ್ನೆಮರಾ ಗ್ರಂಥಾಲಯ ಮತ್ತು ಕಲಾ ಗ್ಯಾಲರಿ: ಕಟ್ಟಡ ನೋಡಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಒಂದೇ ಕಟ್ಟಡವೋ, ಎರಡೋ?

ಎರಡು. ಚೆನ್ನೈನ ಎಗ್ಮೋರಿನಲ್ಲಿ ಪ್ಯಾಂಥಿಯನ್ ರಸ್ತೆಯ ಸರ್ಕಾರಿ ಮ್ಯೂಸಿಯಂ ಆವರಣದಲ್ಲಿ ಇವೆರಡೂ ಅಕ್ಕಪಕ್ಕ ಇವೆ. ಕನ್ನೆಮರಾ ಸಾರ್ವಜನಿಕ ಗ್ರಂಥಾಲಯದ ಹಳೇ ಕಟ್ಟಡ 1896ರದು. ರಾಷ್ಟ್ರೀಯ ಕಲಾ ಗ್ಯಾಲರಿ ಇರುವ ನಸುಗೆಂಪು ಕಲ್ಲಿನ ಕಟ್ಟಡ 1909ರಲ್ಲಿ ತೆರೆದದ್ದು. ಮೊದಲು ಅದರ ಹೆಸರು ವಿಕ್ಟೋರಿಯಾ ಸ್ಮಾರಕ ಭವನ. ಎರಡಕ್ಕೂ ನಕ್ಷೆ ಹಾಕಿದವರು ಹೆನ್ರಿ ಇರ್ವಿನ್. ಅದೇ ಆವರಣದ ಮ್ಯೂಸಿಯಂ ಥಿಯೇಟರ್ ಕೂಡ ಅವರದೇ. ರಸ್ತೆಯಿಂದ ನೋಡಿದರೆ ಎಲ್ಲವೂ ಕೆಂಪುಕೆಂಪಾಗಿ ಒಂದೇ ಗುಂಪಿನಂತೆ ಕಾಣುವುದರಿಂದ ಗೊಂದಲ ಸಹಜ.

ಗ್ರಂಥಾಲಯ ಮ್ಯೂಸಿಯಂ ಆವರಣದೊಳಗೆ ಏಕೆ?

ಅದು ಹುಟ್ಟಿದ್ದೇ ಮ್ಯೂಸಿಯಂನ ಹೊಟ್ಟೆಯಲ್ಲಿ. ಮದ್ರಾಸ್ ಮ್ಯೂಸಿಯಂ 1851ರಲ್ಲಿ ಶುರುವಾಗಿ 1854ರಲ್ಲಿ ಪ್ಯಾಂಥಿಯನ್‌ಗೆ ಬಂತು. ಪ್ಯಾಂಥಿಯನ್ ಎಂದರೆ ಕಂಪನಿ ಕಾಲದ ಬಿಳಿಯರು ಔತಣ, ನೃತ್ಯ, ನಾಟಕಕ್ಕೆ ಸೇರುತ್ತಿದ್ದ ಜಾಗ. ಇಂಗ್ಲೆಂಡಿನ ಹೇಲಿಬರಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಾಲೇಜು ಮುಚ್ಚಿದ ಮೇಲೆ ಉಳಿದ ಪುಸ್ತಕಗಳಲ್ಲಿ ಒಂದು ಪಾಲು 1860ರ ಹೊತ್ತಿಗೆ ಮದ್ರಾಸಿಗೆ ಬಂತು. ಅವನ್ನು ಮ್ಯೂಸಿಯಂನಲ್ಲೇ ಜೋಡಿಸಿಟ್ಟರು. ಪುಸ್ತಕ ಹೆಚ್ಚುತ್ತ ಹೋಗಿ ಸ್ವಂತ ಕಟ್ಟಡ ಬೇಕಾಯಿತು. ಗವರ್ನರ್ ಲಾರ್ಡ್ ಕನ್ನೆಮರಾ 1890ರ ಮಾರ್ಚ್ 22ರಂದು ಅಡಿಗಲ್ಲು ಹಾಕಿದರು, 1896ರ ಡಿಸೆಂಬರ್ 5ರಂದು ಬಾಗಿಲು ತೆರೆಯಿತು. ಅಷ್ಟು ಹೊತ್ತಿಗೆ ಕನ್ನೆಮರಾ ಊರು ಬಿಟ್ಟಾಗಿತ್ತು, ಹೆಸರು ಮಾತ್ರ ಉಳಿಯಿತು.

ಹೆನ್ರಿ ಇರ್ವಿನ್ ಅಂದರೆ ಮೈಸೂರು ಅರಮನೆ ಕಟ್ಟಿದವರೇ?

ಹೌದು, ಅವರೇ. ಮೈಸೂರಿನ ಹಳೇ ಮರದ ಅರಮನೆ ಸುಟ್ಟದ್ದು 1897ರ ಫೆಬ್ರುವರಿಯಲ್ಲಿ, ಅಂದರೆ ಕನ್ನೆಮರಾ ಗ್ರಂಥಾಲಯ ತೆರೆದು ಮೂರು ತಿಂಗಳೂ ಆಗಿರಲಿಲ್ಲ. ಹೊಸ ಅರಮನೆ 1912ರಲ್ಲಿ ಮುಗಿಯಿತು, ಆದ ಖರ್ಚು 41,47,913 ರೂಪಾಯಿ. ಎಗ್ಮೋರಿನ ಗ್ಯಾಲರಿ ಕಟ್ಟಡದ ಕೆಲಸ ನಡೆದದ್ದು 1906ರಿಂದ 1909ರವರೆಗೆ. ಅಂದರೆ ಮೈಸೂರಿನಲ್ಲಿ ಗ್ರಾನೈಟು ಏಳುತ್ತಿದ್ದಾಗಲೇ ಇಲ್ಲಿ ಮರಳುಗಲ್ಲು ಏಳುತ್ತಿತ್ತು.

ಅರಮನೆಯನ್ನು ಚೆನ್ನಾಗಿ ನೋಡಿದವರಿಗೆ ಎಗ್ಮೋರಿನಲ್ಲಿ ಪರಿಚಿತ ಮುಖ ಸಿಕ್ಕಂತಾಗುತ್ತದೆ. ಕಲ್ಯಾಣ ಮಂಟಪದ ಬಣ್ಣದ ಗಾಜಿನ ಛಾವಣಿ, ಗ್ಲಾಸ್ಗೋದಿಂದ ಬಂದ ಎರಕದ ಕಬ್ಬಿಣದ ಕಂಬಗಳು ನೆನಪಿನಲ್ಲಿದ್ದರೆ, ಗ್ರಂಥಾಲಯದ ಹಳೇ ಸಭಾಂಗಣದ ಬಣ್ಣದ ಗಾಜಿನ ಕೆಳಗೆ ನಿಂತು ತಲೆಯೆತ್ತಿ ನೋಡಿ. ಮೇಲಿಂದ ಬೆಳಕು ಇಳಿಸುವ ಚಾಳಿ ಎರಡೂ ಕಡೆ ಇದೆ. ಇಲ್ಲಿ ಅದು ಓದುಗರಿಗೆ, ಅಲ್ಲಿ ಮದುವೆ ಮಂಟಪಕ್ಕೆ.

ಬ್ರಿಟಿಷರು ಕಟ್ಟಿದ್ದು ಎನ್ನಬಹುದೇ?

ನಕ್ಷೆ ಬ್ರಿಟಿಷ್ ಸರ್ಕಾರದ್ದು. ಕಟ್ಟಿದ್ದು ಗುತ್ತಿಗೆದಾರ ತಾಟಿಕೊಂಡ ನಂಪೆರುಮಾಳ್ ಚೆಟ್ಟಿ ಮತ್ತು ಅವರ ಕೈಕೆಳಗಿನ ಕಲ್ಲುಕುಟಿಗರು, ಗಾರೆಯವರು, ಬಡಗಿಗಳು. ಮದ್ರಾಸ್ ಹೈಕೋರ್ಟಿನಲ್ಲೂ ಚೆಟ್ಟಿಯವರ ಕೆಲಸವಿದೆ. ನಕ್ಷೆ ಓದಿ ಅದರಲ್ಲಿನ ಹೂಬಳ್ಳಿಯನ್ನು ಕಲ್ಲಿಗೆ ಇಳಿಸಿದವರ ಹೆಸರು ಯಾವ ಫಲಕದಲ್ಲೂ ಸಿಗುವುದಿಲ್ಲ, ಕಟ್ಟಡ ನೋಡುವಾಗ ಇಷ್ಟು ನೆನಪಿರಲಿ.

ಇಂಡೋ-ಸಾರಸೆನಿಕ್ ಎಂದು ಎಲ್ಲರೂ ಹೇಳುತ್ತಾರೆ. ಕಣ್ಣಿಗೆ ಗೊತ್ತಾಗುವಂತೆ ಹೇಳಿ.

ಸರಳವಾಗಿ: ಒಳಗಿನ ಲೆಕ್ಕ ಯುರೋಪಿನದು, ಹೊರಗಿನ ಉಡುಗೆ ಮೊಗಲ್, ರಾಜಸ್ಥಾನಿ ಅಥವಾ ದಕ್ಷಿಣದ್ದು. ಅಗಲವಾದ ಸಭಾಂಗಣ, ಸಮಪಾಲಿನ ಎರಡು ರೆಕ್ಕೆ, ನಡುವೆ ದೊಡ್ಡ ಪ್ರವೇಶ, ಇವೆಲ್ಲ ಯುರೋಪಿನ ಸಾರ್ವಜನಿಕ ಕಟ್ಟಡದ ಕ್ರಮ. ಅದರ ಮೇಲೆ ಗುಮ್ಮಟ, ಛತ್ರಿ (ಕಂಬಗಳ ಮೇಲೆ ಕೂತ ಪುಟ್ಟ ಗುಮ್ಮಟ), ದಳದಳವಾದ ಕಮಾನು, ಜಾಲಂಧ್ರ (ತೂತುತೂತಾಗಿ ಕೊರೆದ ಜಾಲರಿ), ಬೋದಿಗೆಯ (ಗೋಡೆಯಿಂದ ಚಾಚಿದ ಆಸರೆಗಲ್ಲು) ಮೇಲೆ ಕೂತ ಸಜ್ಜಾ ಬರುತ್ತವೆ.

ಉಡುಗೆ ಎಂದೆವಲ್ಲ, ಅದರಲ್ಲಿ ಸುಮ್ಮನೆ ಅಂದಕ್ಕೆ ಇಟ್ಟದ್ದೂ ಇದೆ, ದುಡಿಯುವುದೂ ಇದೆ. ಛತ್ರಿ ಅಂದಕ್ಕೆ. ಸಜ್ಜಾ ಹಾಗಲ್ಲ: ಮಳೆಯನ್ನು ಗೋಡೆಯಿಂದ ದೂರ ಎಸೆಯುತ್ತದೆ, ಮಧ್ಯಾಹ್ನದ ಬಿಸಿಲನ್ನು ಕಿಟಕಿಗೆ ಬೀಳದಂತೆ ತಡೆಯುತ್ತದೆ. ಜಾಲಂಧ್ರ ಗಾಳಿ ಬಿಟ್ಟು ಝಳ ಸೋಸುತ್ತದೆ. ಈ ಕಟ್ಟಡಗಳನ್ನು ನೋಡುವಾಗ ಪ್ರತಿ ಭಾಗದ ಮುಂದೆ ನಿಂತು, ‘ಇದನ್ನು ತೆಗೆದರೆ ಮಳೆಗಾಲದಲ್ಲಿ ಏನಾಗುತ್ತೆ?’ ಎಂದು ಕೇಳಿಕೊಳ್ಳಿ. ಶೈಲಿಯ ಹೆಸರು ಬಾಯಿಪಾಠ ಮಾಡುವುದಕ್ಕಿಂತ ಇದರಿಂದ ಹೆಚ್ಚು ತಿಳಿಯುತ್ತದೆ.

ಹಳೇ ಓದುವ ಸಭಾಂಗಣದಲ್ಲಿ ಏನು ನೋಡಬೇಕು?

ಎತ್ತರವನ್ನು ಮೊದಲು. ವಿದ್ಯುತ್ ದೀಪ, ಫ್ಯಾನು ಮಾಮೂಲಾಗುವ ಮುಂಚಿನ ಕಟ್ಟಡ ಇದು. ಬಿಸಿ ಗಾಳಿ ಮೇಲೇರಲು ಜಾಗ ಬೇಕಿತ್ತು, ಕಪಾಟುಗಳ ತಲೆಯ ಮೇಲಿನಿಂದ ಬೆಳಕು ಬರಬೇಕಿತ್ತು. ಛಾವಣಿ ಎತ್ತರಕ್ಕೆ ಹೋದದ್ದು ಈ ಎರಡು ಕಾರಣಕ್ಕೆ, ಡೌಲಿಗೆ ಅಲ್ಲ. ಬಣ್ಣದ ಗಾಜಿಗೂ ಕೆಲಸವಿದೆ. ನೇರ ಬಿಸಿಲು ಬಿಳಿ ಹಾಳೆಯ ಮೇಲೆ ಬಿದ್ದರೆ ಕಣ್ಣು ಕೋರೈಸುತ್ತದೆ, ಗಾಜು ಅದನ್ನು ಮೆತ್ತಗೆ ಮಾಡುತ್ತದೆ.

ಆಮೇಲೆ ತೇಗ. ಕಪಾಟಿನ ಅಂಚು, ಕಮಾನಿನ ಸುತ್ತಿನ ಎಲೆ ಕೆತ್ತನೆಯನ್ನು ಹತ್ತಿರದಿಂದ ನೋಡಿ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಗೆದ್ದಲು ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಆದರೆ ಇದು ಒಳತಿರುಳಿಗೆ ಮಾತ್ರ ಹೊಂದುವ ಮಾತು, ಹೊರಗಿನ ಬಿಳಿ ಮರವನ್ನು ಗೆದ್ದಲು ಬಿಡುವುದಿಲ್ಲ. ಹಳೇ ಕಪಾಟು ರಿಪೇರಿಗೆ ಹೊಸ ಮರ ತರುವಾಗ ಬಡಗಿಗಳು ಎಡವುವುದು ಇಲ್ಲೇ.

ಈ ಸಭಾಂಗಣಕ್ಕೆ ಎಲ್ಲ ದಿನವೂ ಪ್ರವೇಶ ಇರುವುದಿಲ್ಲ. ಹೋಗುವ ಮುಂಚೆ ಗ್ರಂಥಾಲಯದ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಹಳೇ ಬರಹಗಳಲ್ಲಿ ದೊಡ್ಡ ಗೋಪುರದ ಮಾತು ಬರುತ್ತದೆ. ಅದೆಲ್ಲಿ?

ಇಲ್ಲ. ಇದೇ ಆವರಣದಲ್ಲಿ ಸುಮಾರು 200 ಅಡಿ ಎತ್ತರದ ಗೋಪುರವೊಂದು ಇತ್ತು. ಭದ್ರವಾಗಿಲ್ಲವೆಂದು 1897ರಲ್ಲಿ ಅದನ್ನು ಇಳಿಸಿದರು. ಗಾರೆ ಕಟ್ಟಡದ ಗೋಪುರಗಳಿಗೆ ಒಂದು ಸ್ವಭಾವ ಇದೆ: ಗೋಪುರದ ಬುಡದ ಮಣ್ಣಿಗೆ ಬೀಳುವ ಭಾರ ಪಕ್ಕದ ತಗ್ಗು ಗೋಡೆಯ ಬುಡಕ್ಕೆ ಬೀಳುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಗೋಪುರ ಒಂದಿಷ್ಟು ಕುಸಿಯುತ್ತದೆ, ಗೋಡೆ ಕುಸಿಯುವುದಿಲ್ಲ, ಎರಡೂ ಸೇರುವ ಕಡೆ ಬಿರುಕು ಬಿಡುತ್ತದೆ. ನಮ್ಮೂರಿನ ಹಳೇ ಚರ್ಚು, ಗಡಿಯಾರದ ಗೋಪುರಗಳಲ್ಲೂ ಬಿರುಕನ್ನು ಮೊದಲು ಹುಡುಕಬೇಕಾದ್ದು ಆ ಮೂಲೆಯಲ್ಲೇ.

ಗ್ಯಾಲರಿಯ ಮುಂಭಾಗವನ್ನು ಎಲ್ಲೋ ನೋಡಿದ ಹಾಗಿದೆಯಲ್ಲ?

ಫತೇಪುರ್ ಸಿಕ್ರಿ. ನಡುವಿನ ಭಾರೀ ಕಮಾನಿನ ದ್ವಾರ ಅಲ್ಲಿನ ಬುಲಂದ್ ದರ್ವಾಜಾವನ್ನು ನೆನಪಿಸುತ್ತದೆ. ಅಡಿಗಲ್ಲು ಹಾಕಿದ್ದು 1906ರ ಜನವರಿ 26ರಂದು, ಆಗಿನ್ನೂ ಯುವರಾಜನಾಗಿದ್ದ ಐದನೇ ಜಾರ್ಜ್. ಮೊದಲು ಕರಕುಶಲ ವಸ್ತುಗಳ ಪ್ರದರ್ಶನಕ್ಕೆ ಬಳಸುತ್ತಿದ್ದರು. ಮ್ಯೂಸಿಯಂನ ನೂರನೇ ವರ್ಷದಲ್ಲಿ, 1951ರಲ್ಲಿ, ಜವಾಹರಲಾಲ್ ನೆಹರು ಇದನ್ನು ರಾಷ್ಟ್ರೀಯ ಕಲಾ ಗ್ಯಾಲರಿಯಾಗಿ ಉದ್ಘಾಟಿಸಿದರು. ರವಿವರ್ಮನ ಚಿತ್ರಗಳಿಗೆ ಹೆಸರಾದ ಸಂಗ್ರಹ.

ಕೆತ್ತನೆ ಸರಿಯಾಗಿ ಕಾಣಬೇಕೆಂದರೆ ನಡುಮಧ್ಯಾಹ್ನ ಹೋಗಬೇಡಿ. ಬೆಳಿಗ್ಗೆ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಕೆತ್ತನೆಯ ಒಂದೊಂದು ಅಂಚೂ ನೆರಳು ಬಿಡುತ್ತದೆ. ಗೋಡೆಯ ಉಬ್ಬುತಗ್ಗು, ಹಿಂದೆ ಮಾಡಿದ ತೇಪೆ ಕೂಡ ಆಗಲೇ ಬಯಲಾಗುವುದು.

ಆ ನಸುಗೆಂಪು ಕಲ್ಲು ಅಲ್ಲಲ್ಲಿ ಪುಡಿಪುಡಿಯಾಗಿ ಉದುರುವುದೇಕೆ?

ಅದು ಸತ್ಯವೇಡಿನ ಮರಳುಗಲ್ಲು. ಕೆತ್ತಲು ಮೆತ್ತಗೆ, ಬಣ್ಣ ಚೆಂದ. ಆದರೆ ಮರಳುಗಲ್ಲಿನ ಮೈತುಂಬ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ನೀರನ್ನು ಹೀರುತ್ತದೆ. ಚೆನ್ನೈ ಗಾಳಿಯಲ್ಲಿ ಸಮುದ್ರದ ಉಪ್ಪು ಇದ್ದೇ ಇದೆ, ನೆಲದಿಂದ ಏರುವ ತೇವವೂ ಉಪ್ಪು ತರುತ್ತದೆ. ನೀರು ಆರಿದಾಗ ಉಪ್ಪು ಕಲ್ಲಿನೊಳಗೇ ಹರಳುಗಟ್ಟಿ ಉಬ್ಬುತ್ತದೆ. ತೇವ, ಒಣಗು, ತೇವ, ಒಣಗು, ಹೀಗೆ ನೂರಾರು ಸುತ್ತು ಆದ ಮೇಲೆ ಮೇಲ್ಪದರ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಬೆರಳಾಡಿಸಿದರೆ ಕೈಗೆ ಮರಳು ಹತ್ತುತ್ತದೆ. (ದಯವಿಟ್ಟು ಆಡಿಸಬೇಡಿ.)

ಇದರ ಜೊತೆಗೆ ಕಬ್ಬಿಣ. ಆ ಕಾಲದ ಕಲ್ಲು ಕಟ್ಟಡಗಳಲ್ಲಿ ಒಂದು ಕಲ್ಲನ್ನು ಇನ್ನೊಂದಕ್ಕೆ ಹಿಡಿಸಲು ಕಬ್ಬಿಣದ ಕೊಂಡಿ ಹಾಕುವ ರೂಢಿ ಇತ್ತು. ತುಕ್ಕು ಹಿಡಿದ ಕಬ್ಬಿಣ ಮೂಲ ಗಾತ್ರದ ಹಲವು ಪಟ್ಟು ಉಬ್ಬಿ ಕಲ್ಲನ್ನು ಒಳಗಿನಿಂದಲೇ ಸೀಳುತ್ತದೆ. ಕಲ್ಲಿನ ಮೂಲೆಯಲ್ಲಿ ನೇರ ಬಿರುಕು, ಅದರ ಬಾಯಲ್ಲಿ ಕಂದು ಕಲೆ ಕಂಡರೆ ಹೆಚ್ಚುಕಡಿಮೆ ಇದೇ ಕಾರಣ. ಮೇಲೆ ಗಾರೆ ಮೆತ್ತಿ ಪ್ರಯೋಜನವಿಲ್ಲ. ಕೊಂಡಿ ತೆಗೆದು ಸ್ಟೇನ್‌ಲೆಸ್ ಸ್ಟೀಲಿನದ್ದು ಹಾಕಬೇಕು.

ಗ್ಯಾಲರಿ ಕಟ್ಟಡವೂ ಭದ್ರವಾಗಿಲ್ಲವೆಂದು 2000ದ ದಶಕದಲ್ಲಿ ಬಾಗಿಲು ಹಾಕಿ, ಬಹಳ ವರ್ಷ ಹಾಗೇ ಇದ್ದು, ಆಮೇಲೆ ಜೀರ್ಣೋದ್ಧಾರ ಕಂಡಿತು.

ಸಂದುಗಳಿಗೆ ಸಿಮೆಂಟ್ ತುಂಬಿದರೆ ಗಟ್ಟಿಯಾಗುವುದಿಲ್ಲವೇ?

ಗಟ್ಟಿಯಾಗುತ್ತದೆ, ತೊಂದರೆ ಇರುವುದೇ ಅಲ್ಲಿ. ಹಳೇ ಗೋಡೆ ತನ್ನ ತೇವವನ್ನು ಸಂದಿನ ಸುಣ್ಣದ ಗಾರೆಯ ಮೂಲಕ ಹೊರಬಿಡುತ್ತದೆ. ಉಪ್ಪೂ ಅಲ್ಲೇ ಹೊರಬಂದು ಗಾರೆಯನ್ನು ತಿನ್ನುತ್ತದೆ. ಗಾರೆ ಸವೆದರೆ ಐವತ್ತು ವರ್ಷಕ್ಕೊಮ್ಮೆ ಬದಲಿಸಬಹುದು. ಸಂದಿಗೆ ಸಿಮೆಂಟ್ ಬಡಿದರೆ ನೀರಿಗೆ ದಾರಿ ಉಳಿಯುವುದು ಕಲ್ಲು, ಇಟ್ಟಿಗೆಯ ಮೈಯೊಂದೇ. ನಾಲ್ಕಾರು ವರ್ಷದಲ್ಲಿ ಸಿಮೆಂಟಿನ ಗೆರೆ ಜೇನುಗೂಡಿನ ಚೌಕಟ್ಟಿನಂತೆ ಮುಂದೆ ನಿಂತಿರುತ್ತದೆ, ನಡುವಿನ ಕಲ್ಲು ಒಳಕ್ಕೆ ಸವೆದಿರುತ್ತದೆ. ಇಂಥ ಗೋಡೆಯನ್ನು ಒಮ್ಮೆ ನೋಡಿದರೆ ಸಾಕು, ಮತ್ತೆ ಎಲ್ಲಿ ಕಂಡರೂ ಗುರುತು ಸಿಗುತ್ತದೆ.

ಸರಿಯಾದ ಕ್ರಮ ಹೀಗೆ. ಸುಟ್ಟ ಸುಣ್ಣದ ಕಲ್ಲನ್ನು ನೀರು ತುಂಬಿದ ತೊಟ್ಟಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಅರಳಿಸಬೇಕು. ಸುಣ್ಣದ ರಾಶಿಯ ಮೇಲೆ ನೀರು ಸುರಿಯುವುದು ಅಪಾಯ, ಕುದಿದು ಮುಖಕ್ಕೆ ಸಿಡಿಯುತ್ತದೆ. ಅರಳಿದ್ದನ್ನು ಜರಡಿ ಹಿಡಿದು, ಕನಿಷ್ಠ ಒಂದು ತಿಂಗಳು ನೀರಿನಡಿ ಬಿಡಬೇಕು. ಬೇಗ ತೆಗೆದರೆ ಅರಳದೆ ಉಳಿದ ಹರಳು ಗೋಡೆಗೆ ಹೋದ ಮೇಲೆ ಅರಳಿ, ಗಾರೆಯಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಅಳತೆ: 1 ಪಾಲು ಸುಣ್ಣಕ್ಕೆ 3 ಪಾಲು ತೊಳೆದ ಮರಳು. ತೇವದ ಜಾಗಕ್ಕಾದರೆ 1 ಪಾಲು ಸುಣ್ಣ, 1 ಪಾಲು ಸುರ್ಕಿ ಅಂದರೆ ಇಟ್ಟಿಗೆ ಪುಡಿ, 2 ಪಾಲು ಮರಳು. ಇಟ್ಟಿಗೆಯ ನುಣ್ಣನೆ ಪುಡಿ ಸುಣ್ಣದೊಂದಿಗೆ ಕೂಡಿ ತೇವದಲ್ಲೂ ಗಟ್ಟಿಯಾಗುತ್ತದೆ. ದಕ್ಷಿಣದ ಗಾರೆಯವರು ಅಳಲೆಕಾಯಿ ಜಜ್ಜಿ ಬೆಲ್ಲದ ಜೊತೆ ಕೆಲವು ದಿನ ನೆನೆಸಿ, ಆ ಹುಳಿಬಂದ ನೀರಲ್ಲಿ ಗಾರೆ ಕಲಸುತ್ತಾರೆ. ಹಿಂದೆ ಇದನ್ನೆಲ್ಲ ಎತ್ತಿನ ಗಾಣದಲ್ಲಿ ಅರೆಯುತ್ತಿದ್ದರು.

ಸಂದಿನ ಹಳೇ ಗಾರೆಯನ್ನು ಉಳಿಯಿಂದ ಕೈಯಲ್ಲೇ ಬಿಡಿಸಬೇಕು. ಗ್ರೈಂಡರ್ ಇಟ್ಟರೆ ಕಲ್ಲಿನ ಅಂಚು ಹೋಯಿತೆಂದೇ ಲೆಕ್ಕ. ಆಳ ಸಂದಿನ ಅಗಲದ ಎರಡರಷ್ಟಾದರೂ ಇರಲಿ, 20 ಮಿಲಿಮೀಟರಿಗಿಂತ ಕಡಿಮೆ ಬೇಡ. ಬ್ರಷ್‌ನಿಂದ ದೂಳು ತೆಗೆದು, ನೀರು ಚಿಮುಕಿಸಿ, ಗಾರೆಯನ್ನು ಎರಡು ಮೂರು ಪದರದಲ್ಲಿ ಒತ್ತಿ ತುಂಬಿ, ಕಲ್ಲಿನ ಮುಖಕ್ಕಿಂತ ಒಂದು ಕೂದಲೆಳೆ ಒಳಗೆ ನಿಲ್ಲಿಸಬೇಕು. ಮೇಲೆ ಒದ್ದೆ ಗೋಣಿ ಇಳಿಬಿಟ್ಟು ಕನಿಷ್ಠ 7 ದಿನ ಆರದಂತೆ ಕಾಯಬೇಕು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಕಲ್ಲಾಗುತ್ತದೆ, ಅದಕ್ಕೆ ತೇವ ಬೇಕು. ಏಪ್ರಿಲ್ ಬಿಸಿಲಲ್ಲಿ ಗೋಣಿ ಇಲ್ಲದೆ ಮಾಡಿದ ಕೆಲಸ ಉಗುರಿಗೇ ಉದುರುತ್ತದೆ. ಆಮೇಲೆ ಬೈಸಿಕೊಳ್ಳುವುದು ಸುಣ್ಣ.

ಮದ್ರಾಸ್ ತಾರಸಿ ಎಂದರೇನು? ಬೆಂಗಳೂರಿನ ಹಳೇ ಮನೆಗಳಲ್ಲೂ ಇದೆಯಂತಲ್ಲ?

ಇದೆ. ಹಳೇ ಸಾರ್ವಜನಿಕ ಕಟ್ಟಡಗಳಲ್ಲೂ ಸಿಗುತ್ತದೆ. ಗೋಡೆಯಿಂದ ಗೋಡೆಗೆ ತೇಗದ ಜಂತಿ, ಅದರ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆ ಸಾಲಿನಲ್ಲಿ ಸುಣ್ಣದ ಗಾರೆಯಿಂದ ಕೂಡಿಸುತ್ತಾರೆ. ಮೇಲೆ ಸುಮಾರು 3 ಇಂಚು ಇಟ್ಟಿಗೆ ಜಲ್ಲಿಯ ಗಾರೆ, ಎರಡೂವರೆ ಪಾಲು ಜಲ್ಲಿಗೆ ಒಂದು ಪಾಲು ಗಾರೆಯಂತೆ. ಮರದ ಹಲಗೆಯಿಂದ ದಿನಗಟ್ಟಲೆ ಬಡಿದು, ಹಲಗೆ ಪುಟಿಯುವಷ್ಟು ಗಟ್ಟಿಯಾದ ಮೇಲೆ ಚಪ್ಪಟೆ ಹೆಂಚು ಹಾಸುತ್ತಾರೆ.

ಕೆಡುವುದು ಸಾಮಾನ್ಯವಾಗಿ ಜಂತಿಯ ತುದಿ. ಗೋಡೆಯೊಳಗೆ ಹುದುಗಿರುವ ಆ ಒಂದಡಿಗೆ ಗಾಳಿಯಾಡುವುದಿಲ್ಲ. ಮಳೆನೀರಿನ ಕೊಳವೆ ಕಟ್ಟಿಕೊಂಡರೆ ಅಲ್ಲಿ ತೇವ ಕೂತು ಮರ ಕೊಳೆಯುತ್ತದೆ. ಕೆಳಗಿನಿಂದ ನೋಡಿದರೆ ಜಂತಿ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಗೋಡೆಯ ಹತ್ತಿರ ಸ್ಕ್ರೂಡ್ರೈವರ್ ಚುಚ್ಚಿ ನೋಡಬೇಕು. ಸೋರುತ್ತದೆಂದು ಮೇಲೆ ಹೊಸ ಕಾಂಕ್ರೀಟ್ ಪದರ ಹಾಕಿಸುವವರು ಕೊಳೆತ ಜಂತಿಯ ತಲೆಗೇ ಇನ್ನಷ್ಟು ಭಾರ ಹೇರುತ್ತಾರೆ. ಮಳೆಗಾಲದ ಮುಂಚೆ ಕೊಳವೆ ಬಾಯಿಯ ಎಲೆ ತೆಗೆಸುವುದು, ತಾರಸಿ ಅಂಚಿನ ಗಿಡ್ಡ ಗೋಡೆಯ ಬುಡದಲ್ಲಿ ಬೆಳೆದ ಅರಳಿ ಸಸಿ ಕೀಳಿಸುವುದು, ಇಷ್ಟೇ ಮಾಡಿದರೂ ಅರ್ಧ ರೋಗ ತಪ್ಪುತ್ತದೆ. ಅರಳಿಯನ್ನು ಕತ್ತರಿಸಿ ಬಿಟ್ಟರೆ ಸಾಲದು, ಬೇರು ತೆಗೆಯಲೇಬೇಕು.

ಬಿರುಕು ಬೆಳೆಯುತ್ತಿದೆಯೋ, ಹಳೆಯದೋ ಎಂದು ತಿಳಿಯುವುದು ಹೇಗೆ?

ಬಿರುಕಿನ ಎರಡೂ ಬದಿಗೆ ತಲಾ ಒಂದು ಪಿನ್ ಕೂರಿಸಿ, ನಡುವಿನ ಅಂತರವನ್ನು ವರ್ನಿಯರ್‌ನಲ್ಲಿ (ಮಿಲಿಮೀಟರಿನ ಸಣ್ಣ ಭಾಗವನ್ನೂ ತೋರುವ ಅಳತೆಗೋಲು) ತಿಂಗಳಿಗೊಮ್ಮೆ ಅಳೆದು ತಾರೀಖಿನೊಡನೆ ಬರೆದಿಡಿ. ಪೂರ್ತಿ ಒಂದು ವರ್ಷ ಬೇಕು. ಬೇಸಿಗೆ, ಮಳೆಗಾಲಕ್ಕೆ ತಕ್ಕಂತೆ ತೆರೆದು ಮುಚ್ಚುತ್ತಿದ್ದರೆ ಅದು ಋತುವಿನ ಆಟ. ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

1973ರಲ್ಲಿ ಗ್ರಂಥಾಲಯಕ್ಕೆ ಹೊಸ ಕಟ್ಟಡ ಏಕೆ ಬೇಕಾಯಿತು?

ಪುಸ್ತಕದ ಪ್ರವಾಹ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ದೇಶದ ಪ್ರಕಾಶಕರು ಹೊಸ ಪುಸ್ತಕದ ಪ್ರತಿಯನ್ನು ಪ್ರಕಟವಾದ 30 ದಿನದೊಳಗೆ ತಮ್ಮ ಖರ್ಚಿನಲ್ಲೇ ನಾಲ್ಕು ಗ್ರಂಥಾಲಯಗಳಿಗೆ ಕಳಿಸಬೇಕು. ಕೋಲ್ಕತ್ತ, ಮುಂಬೈ, ದೆಹಲಿಯ ಜೊತೆಗೆ ನಾಲ್ಕನೆಯದು ಕನ್ನೆಮರಾ. ಬೆಂಗಳೂರು, ಧಾರವಾಡದಲ್ಲಿ ಅಚ್ಚಾದ ಕನ್ನಡ ಪುಸ್ತಕವೂ ಕಾನೂನಿನ ಪ್ರಕಾರ ಇಲ್ಲಿಗೆ ಬರಬೇಕಾದ್ದೇ.

ಪುಸ್ತಕದ ಭಾರವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಈಗಿನ ಭಾರತೀಯ ಮಾನಕದಲ್ಲಿ 2.2 ಮೀಟರ್ ಎತ್ತರದ ಕಪಾಟುಗಳ ಕೋಣೆಗೆ ಚದರ ಮೀಟರಿಗೆ 6 ಕಿಲೋನ್ಯೂಟನ್, ಅಂದರೆ ಸುಮಾರು 600 ಕಿಲೋ ಭಾರ ಲೆಕ್ಕ ಹಿಡಿಯಬೇಕು. ಎತ್ತರ ಹೆಚ್ಚಿದಂತೆ ಪ್ರತಿ ಮೀಟರಿಗೆ ಇನ್ನೂ 2 ಕಿಲೋನ್ಯೂಟನ್. ಪುಸ್ತಕವನ್ನು ಬೇರೆ ಕಡೆ ಇಟ್ಟ ಬರೀ ಓದುವ ಕೋಣೆಗೆ 3 ಸಾಕು. ಹಳೇ ಓದುವ ಕೋಣೆಯನ್ನು ಗೋದಾಮು ಮಾಡಿದರೆ ಮಹಡಿ ಜಗ್ಗುವುದು ಇದಕ್ಕೇ. ಜಾಗ ಸಾಲದಿದ್ದಾಗ ಭಾರದ ಕಪಾಟುಗಳನ್ನು ನೆಲಮಹಡಿಗೆ ಇಳಿಸಿ, ಗೋಡೆಗೆ ಒಂದು ಗೇಣು ಬಿಟ್ಟು ನಿಲ್ಲಿಸುವುದು ಕ್ಷೇಮ. ಗೇಣು ಬಿಡುವುದು ಗಾಳಿಯಾಡಲು, ಗೆದ್ದಲಿನ ಮಣ್ಣಿನ ಗೆರೆ ಎದ್ದರೆ ಕಣ್ಣಿಗೆ ಬೀಳಲು.

ಗ್ಯಾಲರಿಗೆ ದೊಡ್ಡ ಕಿಟಕಿ, ಧಾರಾಳ ಬೆಳಕು ಒಳ್ಳೆಯದಲ್ಲವೇ?

ಕಟ್ಟಡಕ್ಕೆ ಒಳ್ಳೆಯದು, ಚಿತ್ರಕ್ಕಲ್ಲ. ತೈಲಚಿತ್ರಕ್ಕೆ 150ರಿಂದ 200 ಲಕ್ಸ್ (ಬೆಳಕಿನ ಅಳತೆ), ಜಲವರ್ಣ, ಕಾಗದ, ಬಟ್ಟೆಗೆ 50 ಲಕ್ಸ್ ಮಿತಿ ಎಂದು ಮ್ಯೂಸಿಯಂಗಳಲ್ಲಿ ಪಾಲಿಸುತ್ತಾರೆ. ಚೆನ್ನೈ ಬಿಸಿಲು ಲಕ್ಷ ಲಕ್ಸ್ ಹತ್ತಿರ ಹೋಗುತ್ತದೆ. ಹಾಗಾಗಿ ಕಿಟಕಿಗೆ ಅತಿನೇರಳೆ ತಡೆಯುವ ಪದರ, ಒಳಗೆ ತೆಳು ಪರದೆ. ಕಿಟಕಿಗೆ ಇಟ್ಟಿಗೆ ಇಟ್ಟು ಮುಚ್ಚುವುದು ಮಾತ್ರ ಬೇಡ, ಗೋಡೆಯ ಉಸಿರು ಕಟ್ಟುತ್ತದೆ.

ಹಗಲು ಎಸಿ ಓಡಿಸಿ ರಾತ್ರಿ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ತೇವಾಂಶ ದಿನಕ್ಕೆರಡು ಸಲ ಏರಿಳಿದು ಕ್ಯಾನ್ವಾಸು ಹಿಗ್ಗಿ ಕುಗ್ಗಿ ಬಣ್ಣ ಬಿರಿಯುತ್ತದೆ. ಹಾಕಿದರೆ 24 ಗಂಟೆ ಹಾಕಬೇಕು, ಇಲ್ಲದಿದ್ದರೆ ಕಿಟಕಿ, ಫ್ಯಾನಿನ ಮೇಲೇ ಭರವಸೆ ಇಡಬೇಕು.

ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಗ್ರಂಥಾಲಯವೂ ಇದೇ ಶೈಲಿಯೇ?

ಬಣ್ಣ ನೋಡಿ ಮೋಸಹೋಗಬೇಡಿ. ದಿವಾನ್ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅಂದರೆ ಈಗಿನ ರಾಜ್ಯ ಕೇಂದ್ರ ಗ್ರಂಥಾಲಯ, ಯುರೋಪಿನ ಕ್ಲಾಸಿಕಲ್, ಅಂದರೆ ಹಳೇ ಗ್ರೀಕ್-ರೋಮನ್ ಮಾದರಿಯ ಕ್ರಮದ್ದು. ಟಸ್ಕನ್ (ಸಾದಾ ತಲೆಯ) ಮತ್ತು ಕೊರಿಂಥಿಯನ್ (ತಲೆಯಲ್ಲಿ ಎಲೆ ಕೆತ್ತನೆಯ) ಕಂಬಗಳನ್ನು ನೋಡಿದರೆ ಗೊತ್ತಾಗುತ್ತದೆ. ಎಗ್ಮೋರಿಗೆ ಹೋಗುವ ಮುಂಚೆ ಇದನ್ನು ನೋಡಿದರೆ ವ್ಯತ್ಯಾಸ ಚೆನ್ನಾಗಿ ಮನಸ್ಸಿಗೆ ಬರುತ್ತದೆ.

ಒಂದು ದಿನದಲ್ಲಿ ನೋಡಲು ಯಾವ ಕ್ರಮ ಒಳ್ಳೆಯದು?

ಮ್ಯೂಸಿಯಂಗೆ ಶುಕ್ರವಾರ ರಜೆ. ಗುರುವಾರ ರಾತ್ರಿ ರೈಲು ಹತ್ತಿ ಬರುವವರು ಮೋಸಹೋಗುವುದು ಇದರಿಂದಲೇ. ಎಗ್ಮೋರ್ ರೈಲು ನಿಲ್ದಾಣದಿಂದ ಆಟೋದಲ್ಲಿ ಐದು ಹತ್ತು ನಿಮಿಷ. ಆ ನಿಲ್ದಾಣವೂ ಇರ್ವಿನ್‌ರದೇ ಆದ್ದರಿಂದ ಅಲ್ಲಿಂದಲೇ ಶುರು ಮಾಡಿ. ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಗ್ಯಾಲರಿಯ ಹೊರಮೈ, ಬಿಸಿಲೇರಿದ ಮೇಲೆ ಗ್ರಂಥಾಲಯದ ಒಳಗು, ಮಧ್ಯಾಹ್ನ ಕಂಚಿನ ವಿಗ್ರಹಗಳ ವಿಭಾಗ. ಕ್ಯಾಮೆರಾಕ್ಕೆ ಬೇರೆ ಚೀಟಿ ಕೇಳುತ್ತಾರೆ. ಒಂದು ಸಣ್ಣ ದುರ್ಬೀನು ಇದ್ದರೆ ತನ್ನಿ, ಒಳ್ಳೆಯ ಕೆತ್ತನೆಯೆಲ್ಲ ಸಜ್ಜಾದ ಕೆಳಗೆ, ಕತ್ತು ನೋಯುವ ಎತ್ತರದಲ್ಲಿದೆ.